16 ಕಿಲೊಹರ್ಟ್ಸ್ ಬೂಸ್ಟ್: ಎರಡು ಇಕ್ಯೂ, ಒಂದೇ ಸೆಟ್ಟಿಂಗ್, ಬೇರೆ ಬೇರೆ ಫಲಿತಾಂಶ

ಪ್ರದೀಪ್: ಎರಡು ಇಕ್ಯೂ ಪ್ಲಗಿನ್ (ಹಾಡಿನಲ್ಲಿ ಬೇಕಾದ ಫ್ರೀಕ್ವೆನ್ಸಿಯನ್ನು ಏರಿಸುವ, ಇಳಿಸುವ ಸಾಫ್ಟ್‌ವೇರ್) ಅಳೆದು ನೋಡಿದೆ. ಒಂದೇ ಒಂದು ಸ್ಯಾಂಪಲ್‌ನ ಇಂಪಲ್ಸ್ (ಕ್ಷಣಮಾತ್ರದ ಟಿಕ್) ಕಳಿಸಿ, ಹೊರಗೆ ಬಂದದ್ದರ ಸ್ಪೆಕ್ಟ್ರಮ್, ಅಂದರೆ ಯಾವ ಫ್ರೀಕ್ವೆನ್ಸಿ ಎಷ್ಟಿದೆ ಅನ್ನೋ ಗ್ರಾಫ್, ತೆಗೆದೆ. ಎರಡರಲ್ಲೂ ಸೆಟ್ಟಿಂಗ್ ಒಂದೇ: 16 ಕಿಲೊಹರ್ಟ್ಸ್ ಬೆಲ್ (ಗಂಟೆಯಾಕಾರದ ಉಬ್ಬು), 6 ಡಿಬಿ ಬೂಸ್ಟ್, ಕ್ಯೂ 1 (ಕ್ಯೂ ಕಡಿಮೆಯಾದಷ್ಟೂ ಉಬ್ಬು ಅಗಲ), ಸ್ಯಾಂಪಲ್ ರೇಟ್ 44.1 ಕಿಲೊಹರ್ಟ್ಸ್. ಮೊದಲನೆಯದು ಅನಲಾಗ್ ಇಕ್ಯೂ ಥರವೇ ನಿಧಾನವಾಗಿ ಇಳಿಯುತ್ತದೆ, 20 ಕಿಲೊಹರ್ಟ್ಸ್‌ನಲ್ಲಿ ಇನ್ನೂ 4.9 ಡಿಬಿ ಇದೆ. ಎರಡನೆಯದು ಅದೇ ಜಾಗದಲ್ಲಿ ಬರೀ 0.7! ಇಷ್ಟು ವ್ಯತ್ಯಾಸ ಇದ್ದರೆ ಎರಡನೆಯದನ್ನು ಹೇಗೆ ನಂಬೋದು?

ಮಂಜು: 20 ಕಿಲೊಹರ್ಟ್ಸ್ ಯಾರಿಗೆ ಕೇಳಿಸುತ್ತದೆ ಸರ್? ನನಗೆ 43 ವರ್ಷ, 15 ದಾಟಿದರೆ ಏನೂ ಕೇಳಿಸಲ್ಲ. ಸುಮ್ನೆ ಗ್ರಾಫ್ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಕಿವಿಗೆ ಚೆನ್ನಾಗಿದ್ದರೆ ಆಯ್ತು.

ಪ್ರದೀಪ್: 20 ಬಿಡಿ ಮಂಜು ಅವರೇ, 12 ನೋಡಿ. ಅಲ್ಲಿ ಮೊದಲನೆಯದು 4.4 ಕೊಡುತ್ತದೆ, ಎರಡನೆಯದು 2.1. ಇದು ನಿಮಗೂ ನನಗೂ ಕೇಳಿಸೋ ಜಾಗವೇ, ತಾಳದ ಹೊಳಪು, ಪಿಟೀಲಿನ ಬಿಲ್ಲಿನ ಉಸಿರು ಎಲ್ಲ ಅಲ್ಲೇ ಇರುವುದು.

ರೇವತಿ: ಪ್ಲಗಿನ್ ಕೆಟ್ಟಿಲ್ಲ, ಅದರೊಳಗಿನ ಲೆಕ್ಕವೇ ಹಾಗೆ. ಅನಲಾಗ್ ಇಕ್ಯೂವಿನ ಸೂತ್ರವನ್ನು ಡಿಜಿಟಲ್‌ಗೆ ತರಲು ಹೆಚ್ಚಿನವರು ಬಳಸುವುದು ಬೈಲಿನಿಯರ್ ಟ್ರಾನ್ಸ್‌ಫಾರ್ಮ್. ಅನಲಾಗ್‌ನಲ್ಲಿ ಫ್ರೀಕ್ವೆನ್ಸಿಗೆ ಮೇಲೆ ಕೊನೆಯೇ ಇಲ್ಲ. ಈ ಲೆಕ್ಕ ಅದಷ್ಟನ್ನೂ ಸ್ಯಾಂಪಲ್ ರೇಟ್‌ನ ಅರ್ಧದೊಳಗೆ, ಅಂದರೆ ಇಲ್ಲಿ 22.05 ಕಿಲೊಹರ್ಟ್ಸ್ ಒಳಗೆ ತುರುಕುತ್ತದೆ. ಹಾಗಾಗಿ ಬೆಲ್ ಎಷ್ಟೋ ದೂರ ಹೋಗಿ ಸೊನ್ನೆಗೆ ಬರಬೇಕಾದದ್ದು 22.05ಕ್ಕೇ ಬಂದುಬಿಡುತ್ತದೆ. ನಡುವಿನ 16 ಮಾತ್ರ ಸರಿಯಾಗಿ ಕೂರುತ್ತದೆ, ಎರಡೂ ಬದಿ ಕುಗ್ಗುತ್ತದೆ. ಇದಕ್ಕೇ ಕ್ರ್ಯಾಂಪಿಂಗ್ ಅನ್ನುತ್ತಾರೆ. 1 ಕಿಲೊಹರ್ಟ್ಸ್ ಸುತ್ತಮುತ್ತ ಇದೇ ಪ್ಲಗಿನ್ ಅನಲಾಗ್‌ಗೆ ತೀರಾ ಹತ್ತಿರ ಇರುತ್ತದೆ.

ಮಂಜು: ಸರಿ, ಕುಗ್ಗಿದರೆ ನಾವೇ ಅಗಲ ಮಾಡೋಣ. ಕ್ಯೂ 0.5 ಮಾಡಿದರೆ ಮುಗೀತಲ್ವಾ?

ರೇವತಿ: ಲೆಕ್ಕ ಹಾಕಿ ನೋಡಿದೆ, ನಿಮ್ಮ ಮಾತಲ್ಲಿ ಹುರುಳಿದೆ. 44.1ರಲ್ಲಿ ಕ್ಯೂ 0.5 ಇಟ್ಟರೆ 12ರಲ್ಲಿ 4.1 ಡಿಬಿ ಸಿಗುತ್ತದೆ, 5ರಲ್ಲಿ 0.7. ಎರಡೂ ಅನಲಾಗ್‌ಗೆ ಹತ್ತಿರ. 20ರಲ್ಲಿ ಮಾತ್ರ 2 ಡಿಬಿ, ಅಲ್ಲಿ ಕೊರತೆ ಹೋಗಲ್ಲ. ಆದರೆ ಅದೇ ಸೆಟ್ಟಿಂಗನ್ನು ಸ್ಯಾಂಪಲ್ ರೇಟ್ 96ರ ಪ್ರಾಜೆಕ್ಟ್‌ಗೆ ಒಯ್ದರೆ 12ರಲ್ಲಿ 5.3 ಆಗುತ್ತದೆ, 5ರಲ್ಲಿ 1.7. ಹಾಡುವವರ ಸಕಾರ ಶಕಾರಗಳು ಅಲ್ಲಿಂದಲೇ ಶುರು, ಒಂದು ಡಿಬಿ ಜಾಸ್ತಿ ಆದರೂ ಚುಚ್ಚುತ್ತದೆ.

ಪ್ರದೀಪ್: ನನಗೆ ಆದದ್ದೂ ಇದೇ! ಮನೆಯಲ್ಲಿ 44.1ರಲ್ಲಿ ಕೂರಿಸಿದ ಸೆಟ್ಟಿಂಗನ್ನು ಗೆಳೆಯನೊಬ್ಬ 96ರಲ್ಲಿ ರೆಕಾರ್ಡ್ ಮಾಡಿದ ಹಾಡಿಗೆ ಹಾಗೇ ಹಾಕಿದ. ದನಿ ಚೂಪಾಯಿತು. ಮೈಕ್ ಮೇಲೆ ಅನುಮಾನಪಟ್ಟು ಎರಡು ದಿನ ಕಳೆದೆವು.

ವೀಣಾ: ಪರಿಹಾರ ಹುಡುಕುವವರಿಗೆ: ಓವರ್‌ಸ್ಯಾಂಪ್ಲಿಂಗ್ ಇರುವ ಇಕ್ಯೂ ತಗೊಂಡರೆ ಒಳಗೆ ಲೆಕ್ಕ ಎರಡರಷ್ಟು ರೇಟ್‌ನಲ್ಲಿ ನಡೆಯುತ್ತದೆ, ಕುಗ್ಗುವಿಕೆ ಬಹಳ ಕಡಿಮೆಯಾಗುತ್ತದೆ. ಪ್ರೊಸೆಸರ್‌ಗೆ ಕೆಲಸ ಜಾಸ್ತಿ ಅಷ್ಟೇ. ಓವರ್‌ಸ್ಯಾಂಪ್ಲಿಂಗ್ ಇಲ್ಲದೆಯೂ ಆಗುತ್ತದೆ: 22.05ರ ಆ ಕೊನೆಯ ಬಿಂದುವಿನಲ್ಲಿ ಅನಲಾಗ್‌ನಷ್ಟೇ ಗೇನ್ ಬರುವ ಹಾಗೆ ಫಿಲ್ಟರ್ ಕಟ್ಟುವ ದಾರಿಯನ್ನು ಸಂಶೋಧಕ ಒರ್ಫಾನಿಡಿಸ್ 1997ರಲ್ಲೇ ತೋರಿಸಿದ್ದಾರೆ. ಲಿನಿಯರ್ ಫೇಸ್ (ಎಲ್ಲ ಫ್ರೀಕ್ವೆನ್ಸಿಯನ್ನೂ ಒಂದೇ ಸಮನೆ ತಡಮಾಡುವ ಇಕ್ಯೂ) ಕಡೆ ಮಾತ್ರ ಯೋಚಿಸಿ ಹೋಗಿ. ಗ್ರಾಫ್ ಅಂದವಾಗಿ ಬರುತ್ತದೆ, ಆದರೆ ಪ್ರತಿ ಪೆಟ್ಟಿಗೂ ಮುಂಚೆ ಸಣ್ಣ ಪ್ರಿ-ರಿಂಗಿಂಗ್, ಅಂದರೆ ಗುಂಯ್ಗುಡುವಿಕೆ, ಸೇರುತ್ತದೆ, ಮೃದಂಗದ ಚಾಪು ಮೊಂಡಾಗುವುದು ನನಗೆ ಇಷ್ಟವಿಲ್ಲ. ಇನ್ನೊಂದು, ಎರಡು ಇಕ್ಯೂಗಳ ಔಟ್‌ಪುಟ್ ಕಳೆದು ಉಳಿದದ್ದನ್ನು ಕೇಳಿ ತೀರ್ಪು ಕೊಡಬೇಡಿ. ಫೇಸ್ (ಅಲೆಗಳ ಸಮಯದ ಹೊಂದಾಣಿಕೆ) ಬೇರೆ ಇದ್ದರೂ ಸಾಕು, ಬೇಕಾದಷ್ಟು ಉಳಿಯುತ್ತದೆ.

ಮಂಜು: 5 ಕಿಲೊಹರ್ಟ್ಸ್‌ವರೆಗೂ ಇದು ಇಳಿದು ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ, ಒಪ್ಪಿದೆ. ರೇವತಿ ಮೇಡಂ, ಶೆಲ್ಫ್‌ನಲ್ಲೂ (ಒಂದು ಬಿಂದುವಿನಿಂದ ಮೇಲಿನದೆಲ್ಲ ಏರಿಸುವುದು) ಹೀಗೇನಾ? ನಾನು ಎಲ್ಲ ಹಾಡಿಗೂ 10ರಲ್ಲಿ ಶೆಲ್ಫ್ ಹಾಕುತ್ತೇನೆ.

ರೇವತಿ: ಅಲ್ಲೂ ಇದೆ, ರೂಪ ಬೇರೆ. ಅನಲಾಗ್ ಶೆಲ್ಫ್ 22ರ ಹೊತ್ತಿಗೂ ಇನ್ನೂ ಏರುತ್ತಿರುತ್ತದೆ, ಇದು ಅಷ್ಟರೊಳಗೆ ಪೂರ್ತಿ ಏರಿರುತ್ತದೆ. ಅಂದರೆ ತುದಿಯಲ್ಲಿ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಕೊಡುತ್ತಿದ್ದೀರಿ. 44.1ರಲ್ಲೂ 96ರಲ್ಲೂ ಒಂದೊಂದು ಇಂಪಲ್ಸ್ ಕಳಿಸಿ ನೋಡಿ, ನಿಮ್ಮ ಪ್ಲಗಿನ್ ಏನು ಮಾಡುತ್ತಿದೆ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.