ಡೆನ್ನೆಸ್ ಮೇಲಿನ ಸಿಟ್ಟಿಗೆ ಕಾಲಮಿತಿ ಇಲ್ಲ

ಸ್ಕಾಟ್ಲೆಂಡ್ ಎಂಬ ಹೆಸರು ಕಿವಿಗೆ ಬಿದ್ದರೆ ಸಾಕು, ನಮ್ಮ ಶೆಟ್ಟರ ಮುಖ ಹಸಿ ಹಾಗಲಕಾಯಿ ಕಚ್ಚಿದಂತಾಗುತ್ತದೆ. ಆ ದೇಶ ಅವರಿಗಾಗಲಿ ಅವರ ಹಾರ್ಡ್‌ವೇರ್ ಅಂಗಡಿಗಾಗಲಿ ಯಾವ ಕೇಡೂ ಮಾಡಿಲ್ಲ. ಅಲ್ಲಿ ಹುಟ್ಟಿದ ಮೈಕ್ ಡೆನ್ನೆಸ್ ಎಂಬ ಮಹಾಶಯರು 2001ರಲ್ಲಿ ದಕ್ಷಿಣ ಆಫ್ರಿಕಾದ ಟೆಸ್ಟ್ ಒಂದರಲ್ಲಿ ಪಂದ್ಯದ ರೆಫರಿಯಾಗಿ ಸಚಿನ್‌ಗೆ ದಂಡ ಹಾಕಿದ್ದಾರೆ, ಅಷ್ಟೇ.

“ಆ ಮನುಷ್ಯನ ಸುದ್ದಿ ನನ್ನ ಅಂಗಡಿಯಲ್ಲಿ ಎತ್ತಬೇಡಿ” ಎಂದು ಶೆಟ್ಟರು ತಾವೇ ಸುದ್ದಿ ಎತ್ತಿದರು. “ಪೋರ್ಟ್ ಎಲಿಜಬೆತ್‌ನಲ್ಲಿ ನಮ್ಮ ಹುಡುಗ ಮಾಡಿದ್ದಾದರೂ ಏನು? ಚೆಂಡಿನ ಹೊಲಿಗೆಗೆ ಹುಲ್ಲು ಅಂಟಿತ್ತು, ತೆಗೆದ. ಇಗೋ, ಹೀಗೆ.” ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದ್ದ ಹುರಿಯ ಉಂಡೆ ತೆಗೆದುಕೊಂಡು ಹೆಬ್ಬೆರಳಿನ ಉಗುರಿನಿಂದ ಕೆರೆದು ತೋರಿಸಿದರು. ಉಂಡೆ ಬಿಚ್ಚಿಕೊಂಡು ಬೆಂಚಿನ ಕೆಳಗೆ ಉರುಳಿತು.

“ತೆಗೆದದ್ದು ತಪ್ಪಲ್ಲ. ಅಂಪೈರ್‌ಗೆ ತಿಳಿಸದೆ ತೆಗೆದದ್ದು ತಪ್ಪು. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ಐಸಿಸಿಯೂ ಕೊನೆಗೆ ಅದನ್ನೇ ಹೇಳಿತು” ಎಂದರು ವಕೀಲರು. ಸತ್ತವರ ಪರವಾಗಿ ವಕಾಲತ್ತು ವಹಿಸುವುದೆಂದರೆ ಅವರಿಗೆ ಬಹಳ ಇಷ್ಟ, ಕಕ್ಷಿದಾರರು ನಡುವೆ ಬಾಯಿ ಹಾಕುವುದಿಲ್ಲ. ಡೆನ್ನೆಸ್ 2013ರಲ್ಲೇ ತೀರಿಕೊಂಡಿದ್ದಾರೆ.

“ಒಬ್ಬಿಬ್ಬರಿಗಲ್ಲ ಸ್ವಾಮಿ, ಆರು ಜನರಿಗೆ ಶಿಕ್ಷೆ! ಅತಿಯಾಗಿ ಅಪೀಲು ಮಾಡಿದರಂತೆ. ಸೆಹ್ವಾಗ್‌ಗೆ ಒಂದು ಟೆಸ್ಟ್ ನಿಷೇಧ. ನಾಯಕ ಗಂಗೂಲಿ, ತಂಡವನ್ನು ಹದ್ದುಬಸ್ತಿನಲ್ಲಿ ಇಡಲಿಲ್ಲವಂತೆ. ಸಾಲದ್ದಕ್ಕೆ ಆ ಡೆನ್ನೆಸ್ ಪತ್ರಿಕಾಗೋಷ್ಠಿಗೆ ಬಂದು ತುಟಿ ಪಿಟಕ್ಕೆನ್ನದೆ ಕುಳಿತ. ಉತ್ತರ ಕೊಡುವುದಿಲ್ಲವಾದರೆ ಬಂದದ್ದೇಕೆ, ಇವರ ಮುಖ ಹೇಗಿದೆ ಎಂದು ನಮಗೆ ಗೊತ್ತಿದೆ ಎಂದು ರವಿ ಶಾಸ್ತ್ರಿ ಸರಿಯಾಗಿ ಝಾಡಿಸಿದರು.”

“ಮಾತನಾಡಬಾರದು ಎಂಬುದು ರೆಫರಿಗಳಿಗಿದ್ದ ನಿಯಮ. ಪಾಪ, ನಿಯಮ ಪಾಲಿಸಿದರು.”

“ಹಾಗಾದರೆ ಮನೆಯಲ್ಲೇ ಕುಳಿತು ಪಾಲಿಸಬಹುದಿತ್ತು!”

ಮುಂದಿನ ರಂಪ ಎಲ್ಲರಿಗೂ ಗೊತ್ತಿರುವುದೇ. ನಮ್ಮಲ್ಲಿ ಪ್ರತಿಕೃತಿ ಸುಟ್ಟರು, ಸಂಸತ್ತಿನಲ್ಲೂ ಗದ್ದಲವಾಯಿತು. ಭಾರತ, ದಕ್ಷಿಣ ಆಫ್ರಿಕಾದ ಎರಡೂ ಮಂಡಳಿಗಳು ಸೇರಿ ಸೆಂಚುರಿಯನ್‌ನ ಮುಂದಿನ ಪಂದ್ಯಕ್ಕೆ ಡೆನ್ನೆಸ್ ಬದಲು ಬೇರೆ ರೆಫರಿಯನ್ನು ಕೂರಿಸಿದವು. ಐಸಿಸಿ ಆ ಪಂದ್ಯವನ್ನು ಟೆಸ್ಟ್ ಎಂದು ಒಪ್ಪಲೇ ಇಲ್ಲ. ಐದು ದಿನದ ಆಟ ಆಡಿಸಿ ಲೆಕ್ಕಕ್ಕಿಲ್ಲ ಎಂದುಬಿಟ್ಟರು.

ಅಷ್ಟು ಹೊತ್ತು ಸುಮ್ಮನಿದ್ದ ರಾಯರು ಕೆಮ್ಮಿದರು. ಅವರು ನಿವೃತ್ತ ಪೋಸ್ಟ್ ಮಾಸ್ಟರ್. “ನನಗೆ ಆ ರೆಫರಿ ಡೆನ್ನೆಸ್ ಬೇಡ. ಆಟಗಾರ ಡೆನ್ನೆಸ್ ವಿಷಯದಲ್ಲಿ ಅಂಚೆ ಇಲಾಖೆಯ ಒಂದು ಪ್ರಸಂಗವಿದೆ.”

ರಾಯರ ಪ್ರಸಂಗಗಳು ಸಾಮಾನ್ಯವಾಗಿ ಮನಿಯಾರ್ಡರಿನಲ್ಲಿ ಆರಂಭವಾಗಿ ಪಿಂಚಣಿಯಲ್ಲಿ ಮುಗಿಯುತ್ತವೆ. ಇದು ಹಾಗಾಗಲಿಲ್ಲ. 1974-75ರಲ್ಲಿ ಇಂಗ್ಲೆಂಡ್ ತಂಡ ಆಸ್ಟ್ರೇಲಿಯಾಕ್ಕೆ ಹೋಗಿತ್ತು. ನಾಯಕ ಡೆನ್ನೆಸ್. ಎದುರಿಗೆ ವೇಗದ ಬೌಲರ್‌ಗಳಾದ ಲಿಲ್ಲಿ ಮತ್ತು ಥಾಮ್ಸನ್. ಹೆಲ್ಮೆಟ್ ಇಲ್ಲದ ಕಾಲ. ಮೊದಲ ಮೂರು ಟೆಸ್ಟ್‌ಗಳ ಆರು ಇನಿಂಗ್ಸ್‌ನಲ್ಲಿ ನಾಯಕರು ಕೂಡಿಹಾಕಿದ್ದು 65 ರನ್. ಆ ದಿನಗಳಲ್ಲಿ ಅವರಿಗೊಂದು ಕಾಗದ ಬಂದಿತ್ತೆಂದು ಕಥೆಯಿದೆ. ಲಕೋಟೆಯ ಮೇಲೆ ‘ಮೈಕ್ ಡೆನ್ನೆಸ್, ಕ್ರಿಕೆಟಿಗ’ ಎಂದಷ್ಟೇ ಇತ್ತು. ಊರು, ಬೀದಿ ಏನೂ ಇಲ್ಲ. ಒಳಗೆ ಬರೆದದ್ದು ಇಷ್ಟು: ಈ ಕಾಗದ ನಿಮಗೆ ತಲುಪಿದರೆ, ನಿಮ್ಮ ಯೋಗ್ಯತೆಯ ಬಗ್ಗೆ ಅಂಚೆಯವರಿಗಿರುವ ಗೌರವ ನನಗಿಲ್ಲ ಎಂದರ್ಥ.

“ತಲುಪಿತು! ನೋಡಿದಿರಾ? ಅರ್ಧಂಬರ್ಧ ವಿಳಾಸ, ಆದರೂ ತಲುಪಿತು” ಎಂದು ರಾಯರು ತೊಡೆ ತಟ್ಟಿದರು. ಬೈಸಿಕೊಂಡವನ ಗತಿಯೇನಾಯಿತು ಎಂಬುದು ಅವರ ಇಲಾಖೆಗೆ ಸೇರಿದ ವಿಷಯವಲ್ಲ.

ಗತಿ ಏನಾಯಿತು ಎಂದು ವಕೀಲರು ಹೇಳಿದರು. ನಾಲ್ಕನೇ ಟೆಸ್ಟ್‌ಗೆ ನಾಯಕರು ತಮ್ಮನ್ನು ತಾವೇ ತಂಡದಿಂದ ಕೈಬಿಟ್ಟರು. ಗಾಯವಿಲ್ಲ, ಜ್ವರವಿಲ್ಲ. ರನ್ ಬರುತ್ತಿಲ್ಲ, ಆದ್ದರಿಂದ ಹೊರಗೆ ಕೂರುತ್ತೇನೆ ಎಂದರು. “ನಮ್ಮ ಪುರಸಭೆಯಲ್ಲಿ ಹೀಗೆ ಕುರ್ಚಿ ಬಿಟ್ಟೆದ್ದ ಒಬ್ಬನನ್ನು ತೋರಿಸಿ, ನಾಳೆಯಿಂದ ನಾನೂ ಡೆನ್ನೆಸ್ ಪ್ರತಿಕೃತಿ ಸುಡುತ್ತೇನೆ.”

ಅವರ ಬದಲು ನಾಯಕರಾದ ಎಡ್ರಿಚ್‌ಗೆ ಸಿಡ್ನಿಯಲ್ಲಿ ಲಿಲ್ಲಿ ಹಾಕಿದ ಮೊದಲ ಚೆಂಡೇ ಪಕ್ಕೆಲುಬು ಮುರಿಯಿತು. ಕುರ್ಚಿ ಬಿಟ್ಟುಕೊಟ್ಟದ್ದು ತ್ಯಾಗವೋ ಜಾಣತನವೋ ಎಂಬ ಅನುಮಾನ ನನಗೆ ಇಲ್ಲಿ ಬಂತು. ಹೇಳಲಿಲ್ಲ, ವಕೀಲರು ಪಾಟೀಸವಾಲಿಗೆ ಎಳೆಯುತ್ತಾರೆ.

“ಡೆನ್ನೆಸ್ ಮತ್ತೆ ತಂಡಕ್ಕೆ ಮರಳಿ ಮೆಲ್ಬರ್ನ್‌ನಲ್ಲಿ 188 ಹೊಡೆದರು” ಎಂದರು ವಕೀಲರು. “ ಅಲ್ಲಿಂದ ನ್ಯೂಜಿಲೆಂಡ್‌ಗೆ ಹೋಗಿ ಆಕ್ಲೆಂಡ್‌ನಲ್ಲಿ 181.”

“ಮೆಲ್ಬರ್ನ್‌ನಲ್ಲಿ ಥಾಮ್ಸನ್ ಆಡಲೇ ಇಲ್ಲ. ಲಿಲ್ಲಿ ಆರು ಓವರ್ ಹಾಕಿ ಗಾಯವಾಗಿ ಹೋದ” ಎಂದರು ಶೆಟ್ಟರು. ದ್ವೇಷಿಸುವವರಷ್ಟು ಶ್ರದ್ಧೆಯಿಂದ ಅಭಿಮಾನಿಗಳೂ ಓದುವುದಿಲ್ಲ.

ಆ 188ರ ಪುಣ್ಯ ಬಹಳ ದಿನ ಬಾಳಲಿಲ್ಲ. 1975ರಲ್ಲಿ ಎಜ್‌ಬಾಸ್ಟನ್‌ನಲ್ಲಿ ಟಾಸ್ ಗೆದ್ದು ಆಸ್ಟ್ರೇಲಿಯಾಕ್ಕೆ ಬ್ಯಾಟ್ ಕೊಟ್ಟರು, ಇಂಗ್ಲೆಂಡ್ ಸರದಿ ಬರುವಷ್ಟರಲ್ಲಿ ಮಳೆ ಬಂತು, ಇನಿಂಗ್ಸ್ ಸೋಲು, ನಾಯಕತ್ವ ಟೋನಿ ಗ್ರೆಗ್ ಪಾಲಾಯಿತು. 28 ಟೆಸ್ಟ್‌ಗೆ ಕಥೆ ಮುಗಿಯಿತು.

“ಅದೆಲ್ಲ ಇರಲಿ. ಸ್ಕಾಟ್ಲೆಂಡಿನವನಿಗೆ ಇಂಗ್ಲೆಂಡಿನಲ್ಲಿ ಏನು ಕೆಲಸ?” ಎಂದರು ರಾಯರು.

ಶಾಲೆಯ ಹುಡುಗನಾಗಿದ್ದಾಗಲೇ, 1959ರಲ್ಲಿ, ಸ್ಕಾಟ್ಲೆಂಡ್ ಪರ ಆಡಿದವರು ಡೆನ್ನೆಸ್. ಏರ್ ಪಟ್ಟಣದಲ್ಲಿ ಬೆಳೆದವರು, ರಗ್ಬಿಯಲ್ಲೂ ಗಟ್ಟಿಗರು. ಆದರೆ ಆಗ ಆ ದೇಶಕ್ಕೆ ಟೆಸ್ಟ್ ಇರಲಿ, ಐಸಿಸಿಯ ಸದಸ್ಯತ್ವವೂ ಇರಲಿಲ್ಲ. ಅದು ಸಿಕ್ಕಿದ್ದು 1994ರಲ್ಲಿ. ಟೆಸ್ಟ್ ಆಡಬೇಕೆಂದರೆ ಗಡಿ ದಾಟಿ ಇಂಗ್ಲೆಂಡಿನ ಕೆಂಟ್ ಕೌಂಟಿ ತಂಡ ಸೇರಬೇಕು. ಸೇರಿದರು, ನಾಯಕರಾದರು, ಐದು ವರ್ಷದಲ್ಲಿ ಆರು ಟ್ರೋಫಿ ತಂದುಕೊಟ್ಟರು. ನನ್ನ ಮಟ್ಟಿಗೆ ಅವರ ನಿಜವಾದ ಸಾಧನೆ ಇದೇ. ಆದರೆ ಕೆಂಟ್ ಗೆದ್ದರೆ ನಮ್ಮೂರಲ್ಲಿ ಯಾರು ಪಟಾಕಿ ಹೊಡೆಯುತ್ತಾರೆ?

“1974ರಲ್ಲಿ ಲಾರ್ಡ್ಸ್‌ನಲ್ಲಿ ನಾವು 42ಕ್ಕೆ ಆಲೌಟ್ ಆದಾಗಲೂ ಇಂಗ್ಲೆಂಡ್ ನಾಯಕ ಇವನೇ” ಎಂದು ಶೆಟ್ಟರು ಆರೋಪಪಟ್ಟಿಗೆ ಇನ್ನೊಂದು ಕಲಂ ಸೇರಿಸಿದರು. “ನಮ್ಮ ಪ್ರಸನ್ನ, ಚಂದ್ರಶೇಖರ್ ಇದ್ದ ತಂಡದ ಮೇಲೆ ಶತಕ ಬೇರೆ!”

“42ಕ್ಕೆ ಔಟಾದದ್ದಕ್ಕೂ ಅವರೇ ಹೊಣೆಯೇ?”

“ನಾವು ಇನ್ನು ಯಾರನ್ನು ಬೈಯಬೇಕು? ಆಗಿನ ನಮ್ಮ ನಾಯಕ ವಾಡೇಕರ್ ನಮ್ಮವರು.”

ವಕೀಲರು ಎದ್ದು ಪಂಚೆ ಸರಿಪಡಿಸಿಕೊಂಡರು. ಕೊನೆಯ ಸಾಕ್ಷಿ ಕರೆಯುವ ಲಕ್ಷಣ. “ಶೆಟ್ಟರೇ, ಪೋರ್ಟ್ ಎಲಿಜಬೆತ್‌ನಲ್ಲಿ ದ್ರಾವಿಡ್ ಇದ್ದನೇ?”

“ಇರದೆ! ಕೊನೆಯ ದಿನ ನಿಂತು ಪಂದ್ಯ ಉಳಿಸಿದವನೇ ಅವನು.”

“ಅದೇ ನಮ್ಮ ಬೆಂಗಳೂರಿನ ಹುಡುಗ 2003ರಲ್ಲಿ ಬೇಸಿಗೆ ಪೂರ್ತಿ ಯಾರ ಪರ ಆಡಿದ?”

ಶೆಟ್ಟರು ಹುರಿಯ ಉಂಡೆ ಸುತ್ತತೊಡಗಿದರು. ದ್ರಾವಿಡ್ ಇಂಗ್ಲೆಂಡಿನ ರಾಷ್ಟ್ರೀಯ ಲೀಗ್‌ನಲ್ಲಿ ಆಡಿದ್ದು ಸ್ಕಾಟ್ಲೆಂಡ್ ಪರ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. 11 ಪಂದ್ಯ, 600 ರನ್, ಮೂರು ಶತಕ.

“ಅದಾ? ಸಚಿನ್‌ಗೆ ಹಾಕಿದ ದಂಡ ವಸೂಲು ಮಾಡಿಕೊಂಡು ಬರಲು ಹೋಗಿದ್ದ” ಎಂದರು ಶೆಟ್ಟರು.

“ವಸೂಲಾದ ಆರುನೂರೂ ಸ್ಕಾಟ್ಲೆಂಡ್ ಖಾತೆಗೇ ಜಮಾ ಆಯಿತಲ್ಲ!”

“ನೋಡಿದಿರಾ,” ಶೆಟ್ಟರು ಉಂಡೆಯನ್ನು ಗಲ್ಲಾದ ಪಕ್ಕ ಕುಕ್ಕಿದರು, “ಅದರಲ್ಲೂ ಆ ಡೆನ್ನೆಸ್ ಕೈವಾಡವಿದೆ.”