ಸಹಾಯ ಬೇಕು: ಕಾಂಟ್ಯಾಕ್ಟ್ ಪ್ರಿಂಟ್‌ನ ಹದ ಎನ್‌ಲಾರ್ಜರ್‌ನಲ್ಲಿ ಬರುತ್ತಿಲ್ಲ

ನಮಸ್ಕಾರ. 8×10 ಇಂಚಿನ ನೆಗೆಟಿವ್ ಅನ್ನು ಕಾಗದದ ಮೇಲಿಟ್ಟು, ಗಾಜಿನಿಂದ ಒತ್ತಿ ತೆಗೆದ ನನ್ನ ಕಾಂಟ್ಯಾಕ್ಟ್ ಪ್ರಿಂಟ್‌ನಲ್ಲಿ ಮರದ ತೊಗಟೆಯ ಬಿರುಕುಗಳೊಳಗಿನ ನೆರಳು ಕೂಡ ಪದರಪದರವಾಗಿ ಕಾಣುತ್ತದೆ. ಆದರೆ ಅದೇ ಮರದ, ಅಷ್ಟೇ ಹೊತ್ತು ಡೆವಲಪ್ ಮಾಡಿದ 4×5 ನೆಗೆಟಿವ್ ಅನ್ನು ಕಂಡೆನ್ಸರ್ ಎನ್‌ಲಾರ್ಜರ್‌ನಲ್ಲಿ (ಲೆನ್ಸ್‌ಗಳಿಂದ ಬೆಳಕನ್ನು ಒಟ್ಟುಗೂಡಿಸಿ ನೆಗೆಟಿವ್ ಮೂಲಕ ಹಾಯಿಸಿ, ಚಿತ್ರವನ್ನು ಹಿಗ್ಗಿಸುವ ಯಂತ್ರ) ಎರಡು ಪಟ್ಟು ಹಿಗ್ಗಿಸಿ ಅದೇ ಕಾಗದದ ಮೇಲೆ ಮುದ್ರಿಸಿದಾಗ, ಬೆಳಕು ಬಿದ್ದ ಕೊಂಬೆಗಳು ಸುಣ್ಣ ಬಳಿದಂತೆ ಬೆಳ್ಳಗಾಗುತ್ತಿವೆ. ನೆಗೆಟಿವ್‌ನ ದಟ್ಟ ಭಾಗಗಳು (ಪ್ರಿಂಟ್‌ನಲ್ಲಿ ಬೆಳ್ಳಗೆ ಕಾಣುವಂಥವು) ಕಂಡೆನ್ಸರ್ ಬೆಳಕನ್ನು ಹೆಚ್ಚು ಚದುರಿಸುವುದರಿಂದ ಕಾಂಟ್ರಾಸ್ಟ್, ಅಂದರೆ ಕಪ್ಪು-ಬಿಳುಪಿನ ಅಂತರ, ಏರುತ್ತದೆ ಎಂಬುದನ್ನು ಬಲ್ಲೆ. (ಹಿಗ್ಗಿಸಿದ್ದು ಎರಡೇ ಪಟ್ಟು, ಹಾಗಾಗಿ ಲೆನ್ಸ್ ಅನ್ನು ದೂರಲು ಮನಸ್ಸಿಲ್ಲ.) ಮೃದುವಾದ ಕಾಂಟ್ರಾಸ್ಟ್ ಫಿಲ್ಟರ್ ಬಳಸಿದರೆ ನೆರಳಿನ ವಿವರಗಳು ಮಂಕಾಗುತ್ತವೆ. ಹಾಗಾದರೆ ಫಿಲ್ಮ್ ಡೆವಲಪ್ ಮಾಡುವ ಸಮಯವನ್ನೇ ತಗ್ಗಿಸಬೇಕೇ, ಇಲ್ಲವೇ ಎನ್‌ಲಾರ್ಜರ್‌ನಲ್ಲಿ ಬೆಳಕನ್ನು ಮೊದಲೇ ಹರಡಿ ಹಾಯಿಸುವ ಡಿಫ್ಯೂಷನ್ ಹೆಡ್‌ಗೆ ಬದಲಾಯಿಸಬೇಕೇ? ಎರಡನ್ನೂ ಮಾಡಿ ನೋಡಿದವರು ದಯವಿಟ್ಟು ತಿಳಿಸಬೇಕು.