ವೈರಸ್ ‘ಹೆಚ್ಚುತ್ತದೆ’ಯೋ, ‘ಮಾಡಿಸಿಕೊಳ್ಳುತ್ತದೆ’ಯೋ?

ಬಳಗದ ಎಲ್ಲರಿಗೂ ನಮಸ್ಕಾರ. ವೈರಸ್ ಒಂದರಿಂದ ಹಲವಾಗುವುದಕ್ಕೆ ಒಂದು ಕನ್ನಡ ಪದ ಹುಡುಕುತ್ತಾ ವಾರ ಆಯಿತು, ನಿಮ್ಮ ನೆರವು ಬೇಕು.

ನಮ್ಮ ಆಳಂದ ಕಡೆ ತೊಗರಿಗೆ ಗೊಡ್ಡು ರೋಗ ಬೀಳುತ್ತದೆ. ಗಿಡ ಪೊದೆಯ ಹಾಗೆ ಹಬ್ಬಿ ನಿಂತಿರುತ್ತದೆ, ಎಲೆ ಮೇಲೆ ತಿಳಿ ಹಳದಿ ಮಚ್ಚೆ, ಹೂವಿಲ್ಲ, ಕಾಯಿಲ್ಲ. ರೈತರು ಇಟ್ಟ ಈ ಹೆಸರಿಗಿಂತ ಸರಿಯಾದ್ದು ಇನ್ನೊಂದಿಲ್ಲ. ಇದನ್ನು ಹರಡುವುದು ಬರಿಗಣ್ಣಿಗೆ ಕಾಣದ ನುಸಿ, ಉದ್ದ ಸುಮಾರು 0.2 ಮಿಲಿಮೀಟರ್, ಗಾಳಿಯಲ್ಲಿ ತೇಲಿಕೊಂಡು ಹೊಲದಿಂದ ಹೊಲಕ್ಕೆ ಹೋಗುತ್ತದೆ. 1931ರಲ್ಲೇ ಬಿಹಾರದ ಪೂಸಾದಿಂದ ರೋಗದ ವರದಿ ಬಂದಿತ್ತು, ಆದರೆ ಇದರ ಹಿಂದಿನ ವೈರಸ್ ಯಾವುದು ಅಂತ ತಿಳಿಯಲು ಸುಮಾರು 70 ವರ್ಷ ಹಿಡಿಯಿತು.

ಊರವರಿಗಾಗಿ ಇದರ ಬಗ್ಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. ‘ವೈರಸ್ ಗಿಡದೊಳಗೆ ವೃದ್ಧಿಯಾಗುತ್ತದೆ’ ಅಂತ ಬರೆದು ನಮ್ಮ ಕಾಕಾಗೆ ಓದಿ ಹೇಳಿದೆ. ಅವರು ತಕ್ಷಣ ಕೇಳಿದರು, “ಹ್ಯಾಂಗ ಹೆಚ್ಚಾಗ್ತದ? ತತ್ತಿ ಇಡ್ತದೇನು?”

ಸರಿಯಾದ ಪ್ರಶ್ನೆ ಅಲ್ವಾ? ನುಸಿ ತತ್ತಿ ಇಡುತ್ತದೆ. ವೈರಸ್ ತತ್ತಿ ಇಡುವುದಿಲ್ಲ, ಬ್ಯಾಕ್ಟೀರಿಯಾದ ಹಾಗೆ ಒಂದು ಎರಡಾಗಿ ಸೀಳುವುದೂ ಇಲ್ಲ. ಅದರ ಹತ್ತಿರ ಮುಖ್ಯವಾಗಿ ಇರುವುದು ತನ್ನನ್ನು ಹೇಗೆ ಕಟ್ಟಬೇಕು ಅನ್ನುವ ಬರಹ. ಆ ಬರಹ ಜೀವಕೋಶದೊಳಗೆ ಹೋದ ಮೇಲೆ, ಗಿಡ ತನಗಾಗಿ ಇಟ್ಟುಕೊಂಡ ಸಾಮಾನು, ಶಕ್ತಿ, ಪ್ರೊಟೀನ್ ಮಾಡುವ ರೈಬೋಸೋಮ್ ಎಲ್ಲವೂ ವೈರಸ್ಸಿನ ಕೆಲಸಕ್ಕೆ ಹೋಗುತ್ತವೆ. ಹೆಸರು, ಉದ್ದಿಗೆ ಬರುವ ಹಳದಿ ನಂಜಿನ ವೈರಸ್ಸಂತೂ ತನ್ನ ಬರಹದ, ಅಂದರೆ ಡಿಎನ್‌ಎಯ, ಪ್ರತಿ ತೆಗೆಯುವ ಕಿಣ್ವವನ್ನು ಸಹ ತರುವುದಿಲ್ಲ, ಗಿಡದ್ದನ್ನೇ ಬಳಸುತ್ತದೆ. ಗೊಡ್ಡು ರೋಗದ್ದು ಆರ್‌ಎನ್‌ಎ ವೈರಸ್ (ಅದರ ಬರಹ ಡಿಎನ್‌ಎ ಬದಲು ಆರ್‌ಎನ್‌ಎಯಲ್ಲಿ ಇರುತ್ತದೆ), ಅದಕ್ಕೆ ತನ್ನದೇ ಕಿಣ್ವ ಇದೆ, ಆದರೂ ಆ ಕಿಣ್ವವನ್ನು ತಯಾರಿಸಿ ಕೊಡಬೇಕಾದ್ದು ಗಿಡವೇ.

ಹಾಗಾಗಿ ‘ವೃದ್ಧಿ’, ‘ಹೆಚ್ಚಳ’, ‘ಸಂತಾನ’ ಯಾವುದೂ ನನಗೆ ಒಗ್ಗುತ್ತಿಲ್ಲ. ಅವು ಕೆಲಸವನ್ನೆಲ್ಲ ವೈರಸ್ಸೇ ಮಾಡಿದ ಹಾಗೆ ಹೇಳುತ್ತವೆ. ‘ನಕಲು’ ಒಳ್ಳೆಯ ಪದ, ಕಚೇರಿಯಿಂದ ಪಹಣಿ ನಕಲು ತಂದವರಿಗೆಲ್ಲ ಗೊತ್ತು. ಆದರೆ ಇಲ್ಲಿ ನಕಲಿ ಬೀಜದ ಪೆಟ್ಟು ತಿಂದವರು ಜಾಸ್ತಿ, ‘ನಕಲು’ ಅಂದ ಕೂಡಲೇ ಖೋಟಾ ಅಂತ ಕೇಳಿಸುತ್ತದೆ. ವೈರಸ್ಸಿನ ಪ್ರತಿ ಖೋಟಾ ಅಲ್ಲ, ಅದೂ ಅಸಲಿನಷ್ಟೇ ಕೆಡುಕು ಮಾಡುತ್ತದೆ.

ಕೊನೆಗೆ ಕನ್ನಡದ ಕ್ರಿಯಾಪದದಲ್ಲೇ ದಾರಿ ಸಿಕ್ಕಿತು: ‘ಮಾಡಿಸಿಕೊಳ್ಳು’. ಜೆರಾಕ್ಸ್ ತೆಗೆಸಿಕೊಂಡೆ, ಬಟ್ಟೆ ಹೊಲಿಸಿಕೊಂಡೆ ಅನ್ನುತ್ತೇವಲ್ಲ, ಕೆಲಸ ಇನ್ನೊಬ್ಬರದು, ಲಾಭ ನಮ್ಮದು. ‘ವೈರಸ್ ಗಿಡದಿಂದ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ.’ ಕಾಕಾಗೆ ಹೀಗೆ ಹೇಳಿದಾಗ ಮರುಪ್ರಶ್ನೆ ಬರಲಿಲ್ಲ. ತೊಡಕು ಬಂದಿರುವುದು ತಲೆಬರಹದಲ್ಲಿ. ‘ಪ್ರತಿ ಮಾಡಿಸಿಕೊಳ್ಳುವಿಕೆ’ ಅಂತ ಬರೆದರೆ ಯಾರೂ ಓದಲ್ಲ. ಚಿಕ್ಕ ನಾಮಪದ ಯಾರಿಗಾದರೂ ಹೊಳೆಯುತ್ತದೆಯೇ?

ಇದರ ಜೊತೆಗೇ ‘ವಾಹಕ’ದ ವಿಷಯ, ಅಂದರೆ ರೋಗ ಹೊತ್ತು ತರುವ ಹುಳುವಿಗೆ ಬಳಸುವ ಪದ. ಬಿಳಿ ನೊಣ ಹಳದಿ ನಂಜನ್ನು ರಸದ ಜೊತೆ ಹೀರುತ್ತದೆ, ಅದು ಕರುಳು ದಾಟಿ ಜೊಲ್ಲಿನ ಗ್ರಂಥಿಗೆ ಬರುತ್ತದೆ, ಮುಂದಿನ ಗಿಡಕ್ಕೆ ಚುಚ್ಚಿದಾಗ ಇಳಿಯುತ್ತದೆ. ಇದಕ್ಕೆ ವಾಹಕ ಸರಿ. ಆದರೆ ಟೊಮ್ಯಾಟೊ, ಶೇಂಗಾಕ್ಕೆ ಥ್ರಿಪ್ಸ್ ಅನ್ನುವ ರಸ ಹೀರುವ ಸಣ್ಣ ಹುಳು ತರುವ ಕೆಲವು ವೈರಸ್‌ಗಳು ಥ್ರಿಪ್ಸ್ ಮೈಯೊಳಗೂ ಪ್ರತಿ ಮಾಡಿಸಿಕೊಳ್ಳುತ್ತವೆ. ಮರಿಯಾಗಿದ್ದಾಗ ಹೀರಿದ್ದರೆ ಮಾತ್ರ ದೊಡ್ಡದಾದ ಮೇಲೆ ಅದು ರೋಗ ಹರಡಬಲ್ಲದು. ಅಂದರೆ ಆ ಹುಳುವೂ ವೈರಸ್ಸಿಗೆ ಮನೆಯೇ. ಅದನ್ನು ಸುಮ್ನೆ ‘ವಾಹಕ’ ಅಂದರೆ ಅರ್ಧ ಸಂಗತಿ ಬಿಟ್ಟುಹೋಗುತ್ತದೆ. ‘ಆತಿಥೇಯ’ ಬೇಡ, ಗಿಡವಾಗಲಿ ಹುಳುವಾಗಲಿ ಯಾರನ್ನೂ ಕರೆದಿಲ್ಲ. ‘ಆಸರೆ ಗಿಡ’ ಅನ್ನುವ ಹಾಗೆ ‘ಆಸರೆ ಹುಳು’ ಅನ್ನಬಹುದೇ?

ಇನ್ನೊಂದು, ತೊಗರಿಯ ನುಸಿಗೆ ಎಂಟು ಕಾಲಿಲ್ಲ, ನಾಲ್ಕೇ, ಆದರೂ ಅದು ಜೇಡನ ಕಡೆಯದು, ಕೀಟ ಅಲ್ಲ. ಥ್ರಿಪ್ಸ್ ಕೀಟ. ನಮ್ಮಲ್ಲಿ ಎರಡಕ್ಕೂ ‘ನುಸಿ’ ಅನ್ನುತ್ತಾರೆ, ಔಷಧ ಮಾತ್ರ ಬೇರೆ. ಬೀದರ್, ಯಾದಗಿರಿ ಕಡೆಯವರು ಇವೆರಡನ್ನು ಬೇರೆ ಬೇರೆ ಹೆಸರಿಂದ ಕರೆಯುತ್ತಿದ್ದರೆ ದಯವಿಟ್ಟು ಬರೆಯಿರಿ, ಕರಪತ್ರದಲ್ಲಿ ಅದೇ ಹೆಸರು ಹಾಕುತ್ತೇನೆ.